ಆಕ್ಷೇಪಣೆ ಇಲ್ಲದ ಊರು

ನಮ್ಮ ಕಾಲೇಜಿನ ನಾಲ್ಕನೇ ನಂಬರ್ ಕೋಣೆಯಲ್ಲಿ ಎರಡು ವರ್ಷ ಕೂತು ನಾನು ಕಲಿತದ್ದರಲ್ಲಿ ಮೂರನೇ ಒಂದು ಪಾಲು ನನ್ನ ಪಾಠವೇ ಅಲ್ಲ. ನಾನು ಓದುತ್ತಿರುವುದು ಬಿ.ಎ. ಆದರೆ ಅದೇ ಕೋಣೆಯಲ್ಲಿ ನಮಗಿಂತ ಮುಂಚಿನ ಪಿರಿಯಡ್ ಬಿ.ಎಸ್ಸಿ.ಯವರ ಸಸ್ಯಶಾಸ್ತ್ರದ್ದು. ಅವರು ಎದ್ದು ಹೋದ ಮೇಲೆ ನಾವು ಹೋಗಿ ಕೂತರೆ ಮೊದಲ ಕಾಲು ಗಂಟೆ ಅವರ ಪಾಠದ ಬಾಲವೇ ಕೇಳಿಸುತ್ತದೆ. ನಮ್ಮ ಮೇಡಂ ಎದುರಿಗೆ ನಿಂತು ಬಾಯಿ ಆಡಿಸುತ್ತಿರುತ್ತಾರೆ, ಕಿವಿಗೆ ಬೀಳುವುದು ಮಾತ್ರ ಪಾಚಿ ಮತ್ತು ಶಿಲೀಂಧ್ರ. ಪರಾಗಸ್ಪರ್ಶದ ಪಾಠ ನಡೆದ ವಾರದಲ್ಲಿ ಬಿ.ಎ. ಹುಡುಗರು ಒಬ್ಬರೂ ತಡವಾಗಿ ಬರಲಿಲ್ಲ.

ನಮ್ಮೂರಿನಲ್ಲಿ ಆಡಿದ ಮಾತು ಕಾಲು ಗಂಟೆ ಬಿಟ್ಟು ಕೇಳಿಸುತ್ತದೆ, ಅದೂ ಆಡಿದ ಜಾಗದಲ್ಲೇ. ನಾಯಿ ಬೊಗಳಿದ್ದು, ಸೈಕಲ್ ಬೆಲ್ಲು, ಸೀನು, ನಗು ಎಲ್ಲ ಆಗಿಂದಾಗಲೇ ಕೇಳುತ್ತವೆ. ಮಾತಿಗೆ ಮಾತ್ರ ಆ ಭಾಗ್ಯವಿಲ್ಲ. ಹುಟ್ಟಿದಾಗಿನಿಂದ ಹೀಗೇ ಇರುವುದರಿಂದ ನಮಗೆ ಇದು ದೊಡ್ಡ ವಿಷಯವಲ್ಲ. ಎದುರಿಗಿರುವವರ ತುಟಿ ನೋಡಿ ಅರ್ಥ ಮಾಡಿಕೊಳ್ಳುವುದು ನಮ್ಮೂರಿನ ಮೂರು ವರ್ಷದ ಮಗುವಿಗೂ ಬರುತ್ತದೆ. ಬೆನ್ನು ತಿರುಗಿಸಿದವರು ಮಾತ್ರ ಕಾಯಬೇಕು. ಜಗಳಗಳು ನಮ್ಮಲ್ಲಿ ಬಹಳ ಸಪ್ಪೆ. ಬೈದವನು ಬೈದು ಸುಸ್ತಾಗಿ ಕೂತ ಮೇಲೆ ಬೈಗುಳ ಬರುತ್ತದೆ, ಅಷ್ಟರಲ್ಲಿ ಬೈಸಿಕೊಳ್ಳಬೇಕಾದವನು ಊಟಕ್ಕೆ ಹೋಗಿರುತ್ತಾನೆ.

ಇನ್ನೊಂದು ಅನುಕೂಲವೂ ಇದೆ. ಬಾಯಿತಪ್ಪಿ ಏನಾದರೂ ಅಂದುಬಿಟ್ಟರೆ ಪಶ್ಚಾತ್ತಾಪ ಪಡಲು ಕಾಲು ಗಂಟೆ ಸಿಗುತ್ತದೆ. ಅದಕ್ಕೆಂದೇ ಪ್ರತಿ ಮನೆಯಲ್ಲೂ ಒಂದು ಕಂಚಿನ ತಟ್ಟೆ ತೂಗುಹಾಕಿರುತ್ತಾರೆ. ಆಡಿದ ಮಾತು ಬರುವ ಹೊತ್ತಿಗೆ ಸರಿಯಾಗಿ ತಟ್ಟೆ ಬಡಿದರೆ ಆ ಮಾತು ಸದ್ದಿನಲ್ಲಿ ಮುಳುಗಿಹೋಗುತ್ತದೆ. ನನ್ನ ಅಜ್ಜಿ ಬದುಕಿದ್ದಾಗ ನಮ್ಮಮ್ಮ ದಿನಕ್ಕೆ ನಾಲ್ಕು ಸಲವಾದರೂ ಬಡಿಯುತ್ತಿದ್ದಳು. ನಮ್ಮ ಮನೆಯ ತಟ್ಟೆ ನಡುವೆ ತೂತಾಗಿದೆ.

ಕಾಲೇಜಿನಲ್ಲಿ ಈ ತಡದಿಂದ ಆದ ಲಾಭ ನಷ್ಟ ಎರಡೂ ಇವೆ. ಮೊದಲು ಹಾಜರಿ ಕೂಗುವಾಗ 'ಯೆಸ್ ಸರ್' ಅಂದು ಹಿಂದಿನ ಬಾಗಿಲಿನಿಂದ ಕ್ಯಾಂಟೀನಿಗೆ ಹೋಗಿಬಿಟ್ಟರೆ ನಮ್ಮ ದನಿ ತನ್ನ ಪಾಡಿಗೆ ತಾನು ಹಾಜರಾಗುತ್ತಿತ್ತು. ಒಂದು ದಿನ ಪ್ರಿನ್ಸಿಪಾಲ್ ಪಂಚಾಕ್ಷರಯ್ಯನವರು ಕೋಣೆಯೊಳಗೆ ಬಂದು ನಿಂತರು. ನಲವತ್ತೊಂದು 'ಯೆಸ್ ಸರ್' ಕೇಳಿಸಿತು, ತಲೆಗಳು ಮಾತ್ರ ಹನ್ನೆರಡು. ಅವರು ಗಣಿತದವರು, ಬಿಡುತ್ತಾರೆಯೇ? ಮರುದಿನದಿಂದ ಕೈ ಎತ್ತುವ ಪದ್ಧತಿ ಬಂತು. ನನ್ನ ಗೆಳತಿ ಶಮೀಮ್ ಆ ಪದ್ಧತಿಯನ್ನು ಈಗಲೂ ಕ್ಷಮಿಸಿಲ್ಲ.

ಕ್ಯಾಂಟೀನ್ ತಿಪ್ಪಕ್ಕನದ್ದು. ಒಂದು ಬೆರಳು ಎತ್ತಿದರೆ ಟೀ, ಎರಡಕ್ಕೆ ಕಾಫಿ, ಮುಷ್ಟಿಗೆ ಮಿರ್ಚಿ. ತಿಪ್ಪಕ್ಕನಷ್ಟು ಸೊಗಸಾಗಿ ಬೈಯುವವರು ನಮ್ಮೂರಿನಲ್ಲಿ ಇನ್ನೊಬ್ಬರಿಲ್ಲ. ಮೇಜು ಒರೆಸುತ್ತ ಯಾರನ್ನೋ ಬೈದು ಅವಳು ಒಳಗೆ ಹೋದ ಮೇಲೆ, ಆ ಮೇಜಿಗೆ ಬಂದು ಕೂತವರಿಗೆಲ್ಲ ಅದು ತಗಲುತ್ತದೆ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಹೊಸದಾಗಿ ಬಂದ ಮೇಷ್ಟ್ರುಗಳು ಮಾತ್ರ ಎದ್ದು ಸುತ್ತಮುತ್ತ ನೋಡುತ್ತಾರೆ.

ಇಷ್ಟೆಲ್ಲ ಹೊಂದಿಕೊಂಡ ನಮಗೆ ಹೊಂದಿಕೊಳ್ಳಲು ಆಗದೇ ಹೋದದ್ದು ಹೊರಗಿನಿಂದ ಬರುವ ಸಾಹೇಬರುಗಳಿಗೆ. ನಮ್ಮೂರಿಗೆ ಒಂದು ರೈಲ್ವೆ ನಿಲ್ದಾಣವಿತ್ತು. ಅದನ್ನು ಮುಚ್ಚುವ ಮೊದಲು ಒಬ್ಬ ಸಾಹೇಬರು ಬಂದು, ಜನರ ಆಕ್ಷೇಪಣೆ ಏನಿದೆ ಹೇಳಿ ಎಂದರಂತೆ. ಜನ ಗಂಟಲು ಹರಿಯುವಂತೆ ಹೇಳಿದರು. ಸಾಹೇಬರು ಹತ್ತು ನಿಮಿಷ ಕೂತರು, ಎಲ್ಲರೂ ಸುಮ್ಮನೆ ಬಾಯಿ ತೆರೆದು ಮುಚ್ಚುವುದನ್ನು ನೋಡಿದರು, 'ಆಕ್ಷೇಪಣೆ ಇಲ್ಲ' ಎಂದು ಬರೆದುಕೊಂಡು ಹೋದರು. ಅವರ ಜೀಪು ಊರು ದಾಟಿದ ಮೇಲೆ ಖಾಲಿ ಕುರ್ಚಿಯ ಸುತ್ತ ಇಡೀ ಊರಿನ ಕೂಗಾಟ ಕೇಳಿಸಿತು. ಹೀಗೇ ಹೆರಿಗೆ ಆಸ್ಪತ್ರೆ ಹೋಯಿತು, ಹೀಗೇ ಅಂಚೆ ಕಚೇರಿ ಹೋಯಿತು. ಇನ್ನೂ ಸ್ವಲ್ಪ ಕಾಯಿರಿ ಎಂದು ಚೀಟಿ ಬರೆದು ತೋರಿಸಿದರೆ ಸಾಹೇಬರುಗಳು ಹೆದರಿ ಬೇಗ ಎದ್ದರು. ಸರ್ಕಾರದ ಕಡತಗಳಲ್ಲಿ ನಮ್ಮಷ್ಟು ತೃಪ್ತ ಜನ ಇನ್ನೆಲ್ಲೂ ಇಲ್ಲ.

ಈ ವರ್ಷ ಕಾಲೇಜಿನ ಸರದಿ ಬಂತು. ವಿದ್ಯಾರ್ಥಿಗಳು ಕಡಿಮೆ, ಆದ್ದರಿಂದ ಮೂವತ್ತು ಕಿಲೋಮೀಟರ್ ಆಚೆಯ ಕಾಲೇಜಿಗೆ ಇದನ್ನು ಸೇರಿಸಲಾಗುವುದು, ಆಕ್ಷೇಪಣೆ ಇದ್ದರೆ ಸೋಮವಾರ ಹನ್ನೊಂದು ಗಂಟೆಗೆ ಸಭಾಂಗಣದಲ್ಲಿ ಬಾಯಿಮಾತಿನಲ್ಲಿ ಸಲ್ಲಿಸತಕ್ಕದ್ದು, ಲಿಖಿತ ಅರ್ಜಿಯ ಗಡುವು ಮುಗಿದಿದೆ ಎಂದು ನೋಟಿಸ್ ಅಂಟಿಸಿದರು. ಗಡುವು ಮುಗಿದ ಮೇಲೆ ನೋಟಿಸ್ ಅಂಟಿಸುವುದರಲ್ಲಿ ಸರ್ಕಾರವನ್ನು ಮೀರಿಸುವವರಿಲ್ಲ.

ನೋಟಿಸ್ ಓದಿ ಬೇರೆಯವರಿಗೆ ಬೇಜಾರಾಯಿತು, ನನಗೆ ಕುತ್ತಿಗೆಗೇ ಬಂತು. ನಮ್ಮಪ್ಪ ಟೈಲರ್ ಮರುಳಸಿದ್ದಪ್ಪ. ಒಳ್ಳೆಯ ಮನುಷ್ಯ, ಆದರೆ ಸದಾ ಅವಸರ. "ಕಾಲೇಜು ಊರಲ್ಲಿ ಇರೋವರೆಗೂ ಓದು ನೀಲಿ. ಇಲ್ಲ ಅಂದ್ರೆ ಆ ಸಿಮೆಂಟ್ ಅಂಗಡಿಯೋರಿಗೆ ಹೂಂ ಅಂದ್ಬಿಡೋಣ" ಎಂದಿದ್ದರು. ಸಿಮೆಂಟ್ ಅಂಗಡಿಯವರು ಎಂದರೆ ಪಕ್ಕದ ತಾಲ್ಲೂಕಿನ ಗುರುಲಿಂಗ. ಹೋದ ತಿಂಗಳು ನನ್ನನ್ನು ನೋಡಲು ಬಂದಿದ್ದ. ನಾನು ಅವನೆದುರು ಕೂತು ಹತ್ತು ನಿಮಿಷ ಮಾತಾಡಿದೆ: ನಾನು ಓದು ಮುಗಿಸಬೇಕು, ಆಮೇಲೆ ಲೈಬ್ರರಿ ಕೆಲಸಕ್ಕೆ ಪರೀಕ್ಷೆ ಬರೆಯಬೇಕು, ನನಗೆ ಸಿಮೆಂಟಿನ ಧೂಳು ಆಗುವುದಿಲ್ಲ ಎಂದೆಲ್ಲ. ಅವನು ಉಪ್ಪಿಟ್ಟು ತಿಂದು ಎದ್ದು ಹೋದ, ಅಷ್ಟೂ ಹೊತ್ತು ನನ್ನ ಬೆನ್ನ ಹಿಂದೆ ಕೂತಿದ್ದ ಅಪ್ಪನೂ ಅವನನ್ನು ಬಸ್ಸಿಗೆ ಬಿಡಲು ಹೊರಟರು. ಹೋದ ಮೇಲೆ ಅವನು ಕೂತಿದ್ದ ಜಾಗದಿಂದ ಅವನ ದನಿ ಬಂತು: "ಹುಡುಗಿ ನಂಗೆ ತುಂಬಾ ಹಿಡಿಸ್ತು. ಒಂದೇ ಒಂದು ಮಾತಾಡ್ಲಿಲ್ಲ ನೋಡಿ. ಇಂಥೋರು ಎಲ್ಲಿ ಸಿಗ್ತಾರೆ ಈಗಿನ ಕಾಲದಲ್ಲಿ!" ನಮ್ಮಮ್ಮ ಅವತ್ತು ತಟ್ಟೆಯನ್ನು ಯಾರ ಮಾತಿಗೂ ಅಲ್ಲದೆ ಸುಮ್ಮನೆ ಬಡಿದಳು.

ಹೀಗಾಗಿ ಕಾಲೇಜು ಉಳಿದರೆ ನಾನು ಉಳಿಯುತ್ತೇನೆ, ಹೋದರೆ ನಾನು ಸಿಮೆಂಟ್ ಅಂಗಡಿಗೆ. ಮೂವತ್ತು ಕಿಲೋಮೀಟರ್ ದಿನಾ ಓಡಾಡುವ ಮಾತನ್ನು ಅಪ್ಪನ ಮುಂದೆ ಎತ್ತುವಂತಿರಲಿಲ್ಲ. ನಾನೊಬ್ಬಳೇ ಅಲ್ಲ, ಕಾಲೇಜಿನ ಮೂವತ್ತೊಂದು ಹುಡುಗಿಯರಲ್ಲಿ ಹೆಚ್ಚಿನವರದ್ದು ಇದೇ ಕಥೆ.

ಪಂಚಾಕ್ಷರಯ್ಯನವರು ಬೋರ್ಡಿನ ಮೇಲೆ ಒಂದು ಗೆರೆ ಎಳೆದು ಅದರ ಮೇಲೆ ಸಮಯ ಗುರುತು ಮಾಡಿದರು. ಲೆಕ್ಕ ಸರಳವಾಗಿತ್ತು. ಸಾಹೇಬರು ಹನ್ನೊಂದಕ್ಕೆ ಬರುತ್ತಾರೆ. ನಾವು ಹತ್ತೂ ಮುಕ್ಕಾಲಿಗೇ ಖಾಲಿ ಕುರ್ಚಿಯ ಮುಂದೆ ನಿಂತು ಮಾತಾಡಿದರೆ, ಅವರು ಬಂದು ಕೂರುವ ಹೊತ್ತಿಗೆ ನಮ್ಮ ಮಾತು ಸರಿಯಾಗಿ ಅವರ ಕಿವಿಗೆ ಬೀಳುತ್ತದೆ.

"ಇಷ್ಟು ವರ್ಷ ಇದು ಯಾರಿಗೂ ಹೊಳೀಲಿಲ್ವಲ್ಲ ಸಾರ್" ಎಂದೆ.

"ಇಷ್ಟು ವರ್ಷ ಈ ಊರಿಗೆ ಗಣಿತದೋನು ಬಂದಿರ್ಲಿಲ್ಲಮ್ಮ" ಎಂದರು ಅವರು. (ಮಾತುಗಳನ್ನು ನಾನು ಒಂದರ ಕೆಳಗೊಂದು ಬರೆಯುತ್ತಿದ್ದೇನೆ. ನಡುವಿನ ಕಾಲು ಗಂಟೆಗಳನ್ನು ನೀವೇ ಸೇರಿಸಿಕೊಳ್ಳಬೇಕು.)

ವಿದ್ಯಾರ್ಥಿಗಳ ಪರವಾಗಿ ಮಾತಾಡಲು ನನ್ನನ್ನು ಆರಿಸಿದರು. ನಾನು ಚೆನ್ನಾಗಿ ಮಾತಾಡುತ್ತೇನೆ, ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಮೂರು ದಿನ ಕನ್ನಡಿ ಮುಂದೆ ನಿಂತು ಕಲಿತೆ. 'ಸನ್ಮಾನ್ಯರೇ, ವಿದ್ಯೆಯೆಂಬ ಹಣತೆ' ಎಂದು ಶುರುವಾಗುತ್ತಿತ್ತು ಅದು.

ಸೋಮವಾರ ಸಭಾಂಗಣ ತುಂಬಿತ್ತು. ಅಪ್ಪ ಅಂಗಡಿ ಮುಚ್ಚಿ ಬಂದು ಹಿಂದಿನ ಸಾಲಿನಲ್ಲಿ ಕೊರಳಿಗೆ ಅಳತೆ ಟೇಪು ಹಾಕಿಕೊಂಡೇ ಕೂತಿದ್ದರು. ವೇದಿಕೆಯ ಕೆಳಗೆ ಹೂವಿನ ಬಟ್ಟೆ ಹೊದಿಸಿದ ಒಂದು ಕುರ್ಚಿ, ಅದರ ಮೇಲೆ ಯಾರೂ ಇಲ್ಲ. ಹತ್ತೂ ಮುಕ್ಕಾಲಿಗೆ ಪ್ರಿನ್ಸಿಪಾಲರು ಕೈಸನ್ನೆ ಮಾಡಿದರು. ನಾನು ಆ ಖಾಲಿ ಕುರ್ಚಿಗೆ ಕೈಮುಗಿದು ಭಾಷಣ ಮಾಡಿದೆ. ಹಣತೆಯಿಂದ ಶುರುಮಾಡಿ ಭವ್ಯ ಭವಿಷ್ಯಕ್ಕೆ ಮುಗಿಸಿ ಬೆವರು ಒರೆಸಿಕೊಂಡೆ.

ಹನ್ನೊಂದಾಯಿತು. ನನ್ನ ಭಾಷಣ ಬಹಳ ಸೊಗಸಾಗಿ ಕೇಳಿಸಿತು. ಕುರ್ಚಿ ಖಾಲಿಯೇ ಇತ್ತು.

ಸಾಹೇಬರು ತಡವಾಗಿ ಬರುತ್ತಾರೆ ಎಂಬುದು ಬೋರ್ಡಿನ ಗೆರೆಯ ಮೇಲೆ ಇರಲೇ ಇಲ್ಲ. ಇಡೀ ಊರಿನ ಬದುಕೇ ತಡದ ಮೇಲೆ ನಿಂತಿದ್ದರೂ, ಹೊರಗಿನವರೂ ತಡ ಮಾಡಬಹುದೆಂದು ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಪ್ರಿನ್ಸಿಪಾಲರು ಗಾಬರಿಯಾದರು. ಬಿಡದೆ ಮಾತಾಡುತ್ತಲೇ ಇರಿ, ಯಾವಾಗ ಬಂದರೂ ಏನಾದರೂ ಕೇಳಿಸುತ್ತಿರಬೇಕು ಎಂದು ಚೀಟಿ ಬರೆದು ಹಂಚಿದರು. ನಾನು ಮತ್ತೆ ಮಾತಾಡಿದೆ. ಶಮೀಮ್ ಮಾತಾಡಿದಳು. ಹಳೆಯ ವಿದ್ಯಾರ್ಥಿಗಳು ಮಾತಾಡಿದರು. ನನ್ನ ಸರದಿ ಮೂರನೇ ಸಲ ಬಂದಾಗ ಹಣತೆ ಬಿಟ್ಟುಹೋಗಿತ್ತು, ನಾಲ್ಕನೇ ಸಲ ಸನ್ಮಾನ್ಯರೂ ಹೋದರು. ಹಿಂದೆ ಆಡಿದ್ದು ಕೇಳುತ್ತಿರುವಾಗಲೇ ಮುಂದಿನದನ್ನು ಆಡಬೇಕು, ತಲೆ ಗಿರ್ರೆನ್ನುತ್ತಿತ್ತು. ಹನ್ನೆರಡೂ ಕಾಲಿಗೆ ಪ್ರಿನ್ಸಿಪಾಲರು ಕೈಚೆಲ್ಲಿ ಆ ಹೂವಿನ ಕುರ್ಚಿಯ ಪಕ್ಕದಲ್ಲಿ ನೆಲದ ಮೇಲೇ ಕೂತುಬಿಟ್ಟರು.

ಆಮೇಲೆ ಯಾರೂ ಭಾಷಣ ಮಾಡಲಿಲ್ಲ. ಮುಂದಿನ ಸಾಲಿನವರು ಹಾಗೇ ಕುರ್ಚಿಯ ಸುತ್ತ ಕೂತು, ಒಬ್ಬರ ತುಟಿ ಒಬ್ಬರು ನೋಡುತ್ತ ಹರಟೆಗೆ ತೊಡಗಿದೆವು. ತಿಪ್ಪಕ್ಕ ಟೀ ಕ್ಯಾನು ಹಿಡಿದು ಬಂದು, ಕುರ್ಚಿಯನ್ನು ನೋಡಿ ಬಾಯಿಗೆ ಬಂದದ್ದನ್ನೆಲ್ಲ ಅಂದಳು. ಪ್ರಿನ್ಸಿಪಾಲರು ತಮ್ಮ ಮನಸ್ಸಿನಲ್ಲಿದ್ದದ್ದನ್ನು ಅಂದರು. ನನಗೂ ಯಾರಿಗಾದರೂ ಹೇಳಿಕೊಳ್ಳಲೇಬೇಕು ಅನ್ನಿಸಿತು. ಅಪ್ಪ ಹಿಂದೆ ಇದ್ದರು, ನನ್ನ ಬೆನ್ನು ಮಾತ್ರ ಅವರಿಗೆ ಕಾಣುತ್ತಿತ್ತು. ಶಮೀಮಳ ಕಡೆ ತಿರುಗಿ, ಅಲ್ಲಿಯವರೆಗೆ ಯಾರಿಗೂ ಹೇಳದೇ ಇದ್ದದ್ದನ್ನು ಹೇಳಿದೆ. ಹೇಳಿ ಮುಗಿಸಿ ಸ್ವಲ್ಪ ಹೊತ್ತಿಗೆ ಹೊರಗೆ ಜೀಪಿನ ಸದ್ದು ಕೇಳಿತು.

ಸರಿಯಾಗಿ ಹನ್ನೆರಡೂವರೆಗೆ ಸಾಹೇಬರು ಹೂವಿನ ಕುರ್ಚಿಯ ಮೇಲೆ ಕೂತರು. ದಪ್ಪ ಕನ್ನಡಕದ, ತುಟಿ ಮುಚ್ಚುವಂಥ ಮೀಸೆಯ, ಬೆವೆತ, ಅಂಗಿಯ ತೋಳಿಗೆಲ್ಲ ಗ್ರೀಸು ಮೆತ್ತಿದ ಮನುಷ್ಯ. ಕಡತ ತೆರೆದು, ಪೆನ್ನಿನ ಮುಚ್ಚಳ ತೆಗೆದು, 'ಹೇಳಿ' ಎಂಬಂತೆ ತಲೆ ಆಡಿಸಿದರು. ನಾವು ಈಗ ಏನು ಹೇಳಿದರೂ ಅವರು ಹೋದ ಮೇಲೆ ಕೇಳಿಸುತ್ತದೆ. ಅವರಿಗೆ ಕೇಳಿಸುವುದು ನಾವು ಆಗಲೇ ಆಡಿದ್ದು ಮಾತ್ರ. ಇದು ಮುಂದಿನ ಸಾಲಿನ ಎಲ್ಲರಿಗೂ ಒಟ್ಟಿಗೇ ಹೊಳೆಯಿತು. ತಿಪ್ಪಕ್ಕ ಕ್ಯಾನು ಬಿಟ್ಟು ಬಾಯಿ ಮುಚ್ಚಿಕೊಂಡಳು.

"ಎಲ್ಲಿ ಸತ್ನೋ ಈ ಮೂಗ್ಬಸವ!" ಎಂದು ಕುರ್ಚಿಯ ಪಕ್ಕದಲ್ಲೇ ಅವಳ ದನಿ ಎದ್ದಿತು. "ಹನ್ನೊಂದು ಅಂದ್ರೆ ಹನ್ನೆರಡೂಕಾಲು ಅಂತ ಇವ್ನಿಗೆ ಯಾವ ಕಾಲೇಜಲ್ಲಿ ಕಲಿಸಿದ್ರು? ಇವ್ನ ಕಾಲೇಜು ಮುಚ್ಚಿದ್ರೆ ದೇಶಕ್ಕೆ ಒಳ್ಳೇದಾಗ್ತಿತ್ತು!"

ಪ್ರಿನ್ಸಿಪಾಲರು ಎಗರಿ ಗೋಡೆಯ ಮೇಲಿದ್ದ ಕಾಲೇಜಿನ ತಟ್ಟೆಯನ್ನು ಬಡಿಯತೊಡಗಿದರು. ಢಣ್ ಢಣ್ ಢಣ್. ತಿಪ್ಪಕ್ಕನ ಮುಂದಿನ ಮಾತುಗಳು, ದೇವರು ದೊಡ್ಡವನು, ಮುಳುಗಿದವು. ಸಾಹೇಬರು ಕಿವಿ ಮುಚ್ಚಿಕೊಂಡು, ಸ್ವಾಗತ ಮಾಡುತ್ತಿದ್ದಾರೆ ಅಂದುಕೊಂಡು ಕೈಮುಗಿದರು. ಆಮೇಲೆ ಗಡಿಯಾರ ನೋಡಿ ಕಡತದ ಮೇಲೆ ಪೆನ್ನು ಇಟ್ಟರು. ಬರೆಯುವುದೇನೆಂದು ಊರಿಗೆಲ್ಲ ಗೊತ್ತಿತ್ತು.

ನಾನು ಹೋಗಿ ಪ್ರಿನ್ಸಿಪಾಲರ ಕೈಯಿಂದ ಕೋಲು ಕಿತ್ತುಕೊಂಡೆ. ಕಿತ್ತುಕೊಂಡ ಮೇಲೆ ನೆನಪಾಯಿತು, ಇನ್ನೆರಡು ನಿಮಿಷಕ್ಕೆ ಬರುವುದು ನನ್ನದೇ ಮಾತು. ಹಿಂದಿನ ಸಾಲಿನಲ್ಲಿ ಅಪ್ಪ. ಬಡಿದರೆ ಕಾಲೇಜು ಹೋಗುತ್ತದೆ, ಬಡಿಯದಿದ್ದರೆ ಮುನ್ನೂರು ಜನರ ಮುಂದೆ ಮನೆಯ ಮಾತು ಬಯಲಾಗುತ್ತದೆ. ಕೋಲನ್ನು ಶಮೀಮಳ ಕೈಗೆ ಕೊಟ್ಟೆ. ಅವಳು ಅದನ್ನು ನೆಲದ ಮೇಲಿಟ್ಟು ಅದರ ಮೇಲೆ ಕೂತಳು.

ಮೊದಲು ಪಂಚಾಕ್ಷರಯ್ಯನವರ ದನಿ ಬಂತು. "ನಾನು ಈ ಊರಿಂದ ವರ್ಗ ಮಾಡಿ ಅಂತ ಮೂರು ವರ್ಷದಿಂದ ಅರ್ಜಿ ಹಾಕ್ತಾನೇ ಇದೀನಿ ತಿಪ್ಪಕ್ಕ. ಇದು ಮುಚ್ಚಿದ್ರೆ ನಂಗೆ ಲಾಭಾನೇ. ಆದ್ರೆ ಇಲ್ಲಿ ಮೂವತ್ತೊಂದು ಹುಡ್ಗೀರಿದಾರೆ. ಅಲ್ಲಿಗೆ ಹೋದ್ರೆ ಇಬ್ಬರು ಬರ್ತಾರೆ. ಬೇಕಾದ್ರೆ ಬರೆದಿಟ್ಕೋ, ಇಬ್ಬರೇ." ಪ್ರಿನ್ಸಿಪಾಲರು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು. ಸಾಹೇಬರ ಪೆನ್ನು ನಿಂತಿತು.

ಆಮೇಲೆ ನಾನು. ಅದು ಭಾಷಣದ ದನಿಯಾಗಿರಲಿಲ್ಲ, ನನಗೇ ಗುರುತು ಸಿಗಲಿಲ್ಲ. "ಈ ಕಾಲೇಜು ಹೋದ್ರೆ ನನ್ನ ಆ ಸಿಮೆಂಟ್ ಅಂಗಡಿಯೋನಿಗೆ ಕೊಡ್ತಾರೆ ಕಣೇ. ಅವ್ನಿಗೆ ನಾನು ಇಷ್ಟ ಆಗಿದ್ದು ಮಾತಾಡಲ್ಲ ಅಂತ. ಅಪ್ಪ ಕೆಟ್ಟೋರಲ್ಲ ಶಮೀಮ್. ಅವ್ರು ಕೇಳಿದ್ರು. ಅಡುಗೆಮನೆ ಬಾಗಿಲಲ್ಲಿ ನಿಂತು, ನಿಂಗೆ ಒಪ್ಪಿಗೆ ಏನಮ್ಮ ಅಂತ ಕೇಳಿದ್ರು. ನಾನು ಒಲೆ ಕಡೆ ತಿರುಗಿದ್ದೆ. ಕೇಳ್ದೋರು ಅಂಗಡಿಗೆ ಹೊತ್ತಾಯ್ತು ಅಂತ ಹೊರಟೇಬಿಟ್ರು. ಅವರ ಮಾತು ನಂಗೆ ಕೇಳಿದ್ದೇ ಅವರು ಹೋದ ಮೇಲೆ. ಆಮೇಲೆ ನಾನು ಬೇಡ ಅಂದೆ. ಖಾಲಿ ಬಾಗಿಲಿಗೆ ಬೇಡ ಅಂದೆ. ಅವ್ರು ಅದನ್ನ ಒಪ್ಪಿಗೆ ಅಂದ್ಕೊಂಡಿದಾರೆ."

ಸಭಾಂಗಣದಲ್ಲಿ ಯಾರೋ ಒಬ್ಬರು ಸೀನಿದರು, ಅಷ್ಟೇ. ನಾನು ಹಿಂದೆ ತಿರುಗಿ ನೋಡಲಿಲ್ಲ. ಸಾಹೇಬರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿ, ತಲೆ ಎತ್ತಿ ನಮ್ಮೆಲ್ಲರನ್ನೂ ನೋಡಿ ಏನೋ ಹೇಳಿದರು. ಕಡತದಲ್ಲಿ ಬಹಳ ಹೊತ್ತು ಬರೆದರು. ತಿಪ್ಪಕ್ಕನ ಕಡೆ ನೋಡಿ ಮತ್ತೇನೋ ಹೇಳಿದರು. ತಿಪ್ಪಕ್ಕ ಹೆದರಿ ನನ್ನ ಹಿಂದೆ ಅವಿತುಕೊಂಡಳು. ಆ ದಪ್ಪ ಮೀಸೆಯ ಅಡಿಯಲ್ಲಿ ಅವರ ತುಟಿಯನ್ನು ಓದಲು ಯಾರಿಂದಲೂ ಆಗಲಿಲ್ಲ. ಸ್ವಲ್ಪ ಕಾದು, ಮತ್ತೊಂದು ಸಲ ಹೇಳಿ, ಕೈಚೆಲ್ಲಿ ಎದ್ದು ಹೋದರು.

ಜೀಪು ಹೋದದ್ದೇ ತಡ, ಇಡೀ ಸಭೆ ಕುರ್ಚಿಯ ಸುತ್ತ ಮುತ್ತಿಕೊಂಡಿತು. ಕಿವಿ ಕೊಟ್ಟು ನಿಂತವರು ಒಬ್ಬರೂ ಮಿಸುಕಲಿಲ್ಲ. ಕೊನೆಗೆ ಸಾಹೇಬರ ದನಿ ಬಂತು. ಬಹಳ ಮೆತ್ತಗಿನ ದನಿ. "ದಾರೀಲಿ ಟೈರು ಪಂಕ್ಚರ್ ಆಯ್ತು, ನಾನೇ ಬಿಚ್ಚಬೇಕಾಯ್ತು. ತಪ್ಪು ತಿಳ್ಕೋಬೇಡಿ. ಯಾರು ಮಾತಾಡಿದ್ದು ಅಂತ ನಂಗೆ ಗೊತ್ತಾಗ್ಲಿಲ್ಲ. ಆದ್ರೆ ಕೇಳಿಸ್ತು. ಆಕ್ಷೇಪಣೆ ಇದೆ ಅಂತ ಬರೀತೀನಿ. ಈ ವರ್ಷ ಮುಚ್ಚೋಕೆ ಆಗಲ್ಲ, ಮುಂದಿನದು ಮೇಲಿನೋರಿಗೆ ಬಿಟ್ಟಿದ್ದು." ಜನ ಹೋ ಎಂದು ಕೂಗಿ ಚಪ್ಪಾಳೆ ತಟ್ಟಿದರು. ಆ ಗದ್ದಲ ಇಳಿಯುವಷ್ಟರಲ್ಲಿ ಮತ್ತೆ ಅದೇ ದನಿ: "ಅಮ್ಮಾ, ಒಂದು ಲೋಟ ಟೀ ಸಿಗುತ್ತಾ?" ಸ್ವಲ್ಪ ಬಿಟ್ಟು, "ಟೀ ಕೇಳ್ದೆ, ಟೀ." ಆಮೇಲೆ, "ಸರಿ, ಬಿಡಿ."

ತಿಪ್ಪಕ್ಕ ಲೋಟ ತುಂಬಿಸಿಕೊಂಡು ರಸ್ತೆಯವರೆಗೂ ಓಡಿದಳು. ಜೀಪಿನ ಧೂಳೂ ಇರಲಿಲ್ಲ. ಅವತ್ತು ಅವಳು ಬೈದುಕೊಂಡದ್ದು ತನ್ನನ್ನೇ.

ಇದೆಲ್ಲ ನನಗೆ ದೂರದಿಂದ ಕೇಳಿದ್ದು. ಎಲ್ಲರೂ ಕುರ್ಚಿಯ ಕಡೆ ನುಗ್ಗುತ್ತಿದ್ದಾಗ ಅಪ್ಪ ಹಿಂದಿನ ಸಾಲಿನಿಂದ ಎದ್ದು ಬಂದಿದ್ದರು. ಅಂಗಡಿಗೆ ಹೊರಟರು ಅಂದುಕೊಂಡೆ. ಅವರು ನನ್ನ ತೋಳು ಹಿಡಿದು ಗೋಡೆಯ ಪಕ್ಕದ ಬೆಂಚಿಗೆ ಕರೆದುಕೊಂಡು ಹೋಗಿ ಕೂರಿಸಿದರು. ನನ್ನ ಮುಖ ನೋಡುತ್ತ ಏನೋ ಕೇಳಿದರು. ತುಟಿ ನೋಡಿಯೇ ನನಗೆ ಗೊತ್ತಾಯಿತು. ಅಲ್ಲೇ ಉತ್ತರ ಹೇಳಿದೆ. ಅವರೂ ನನ್ನ ತುಟಿ ನೋಡಿದರು. ಗೊತ್ತಾಯಿತಲ್ಲ, ಇನ್ನು ಎದ್ದು ಹೋಗಬಹುದಿತ್ತು. ಹೋಗಲಿಲ್ಲ. ಅಂಗಡಿಯಲ್ಲಿ ಸಂಜೆಗೆ ಕೊಡಬೇಕಾದ ಎರಡು ಸಮವಸ್ತ್ರ ಹಾಗೇ ಇದ್ದವು. ಅಪ್ಪ ಚಪ್ಪಲಿ ಬಿಟ್ಟು ಬೆಂಚಿನ ಮೇಲೆ ಕಾಲು ಮಡಚಿ, ನನ್ನ ಪಕ್ಕ ಕೂತರು. ಅತ್ತ ಕಡೆ ಸಾಹೇಬರ ದನಿ, ಚಪ್ಪಾಳೆ, ಟೀ ಎಲ್ಲ ಆಗಿ ಜನ ಕರಗುತ್ತಿದ್ದರು. ಕಾಲು ಗಂಟೆಗೆ ಅಪ್ಪನ ದನಿ ಬಂತು. "ನೀಲಿ, ನಿಂಗೆ ಅವನು ಒಪ್ಪಿಗೆ ಏನಮ್ಮ?" ಅದರ ಬೆನ್ನಿಗೇ ನನ್ನದು. "ಬೇಡಪ್ಪ." ಅಪ್ಪ ಕಣ್ಣು ಮುಚ್ಚಿಕೊಂಡು ಅದನ್ನು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಚಪ್ಪಲಿ ಹಾಕಿಕೊಂಡರು.